ಕಡಲಲ್ಲಿ ‘ಮೈಸೂರು’: ಒಂದು ಹೆಸರು, ಎರಡು ಸಮರನೌಕೆಗಳು

ನಂಜನಗೂಡನ್ನು ಹಾದು ಹರಿಯುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಬಿಳಿಗೆರೆ ಸೀಮೆಯ ಜನರಿಗೆ ನೀರೆಂದರೆ ಹೊಳೆ, ನಾಲೆ, ಕೆರೆ. ಕಡಲು ದೂರದ ಮಾತು. ಆದರೂ ಈ ಜಿಲ್ಲೆಯ ಹೆಸರು 1957ರಲ್ಲಿಯೇ ಸಮುದ್ರಕ್ಕಿಳಿಯಿತು. ಭಾರತೀಯ ನೌಕಾಪಡೆಯ ಎರಡು ಹಡಗುಗಳು ‘ಐಎನ್ಎಸ್ ಮೈಸೂರು’ ಎಂಬ ಹೆಸರನ್ನು ಹೊತ್ತಿವೆ. ಅವುಗಳ ಸೇವಾ ಚರಿತ್ರೆಯು ಒಂದರ್ಥದಲ್ಲಿ ನೌಕಾಪಡೆಯದೇ ಚರಿತ್ರೆ.

ಮೊದಲನೆಯ ಮೈಸೂರು

ಮೊದಲನೆಯದು ಬ್ರಿಟಿಷರ ‘ನೈಜೀರಿಯಾ’ ಎಂಬ ಕ್ರೂಸರ್. 1939ರಲ್ಲಿ ನೀರಿಗಿಳಿದ ಈ ಹಡಗು, 1942ರ ಆಗಸ್ಟ್‌ನಲ್ಲಿ ಮಾಲ್ಟಾಕ್ಕೆ ಸಾಮಗ್ರಿ ಸಾಗಿಸುತ್ತಿದ್ದ ಹಡಗುಗಳ ಬೆಂಗಾವಲಿನಲ್ಲಿದ್ದಾಗ ಇಟಲಿಯ ಜಲಾಂತರ್ಗಾಮಿಯ ಟಾರ್ಪಿಡೊ ಪೆಟ್ಟು ತಿಂದೂ ಉಳಿಯಿತು. 1954ರಲ್ಲಿ ಭಾರತವು ಅದನ್ನು ಕೊಂಡು ನವೀಕರಿಸಿ, 1957ರ ಆಗಸ್ಟ್ 29ರಂದು ಸೇವೆಗೆ ಸೇರಿಸಿಕೊಂಡಿತು. ಆಗ ‘ಮೈಸೂರು’ ಎಂಬುದು ನಗರದ ಹೆಸರಷ್ಟೇ ಆಗಿರದೆ ಇಡೀ ರಾಜ್ಯದ ಹೆಸರೂ ಆಗಿತ್ತು. ರಾಜ್ಯವು ಕರ್ನಾಟಕವಾದುದು 1973ರಲ್ಲಿ.

1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಕಾರ್ಯಾಚರಣೆ ನಡೆದಾಗ ಈ ನೌಕೆಯು ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದತ್ತ ಸಾಗಿತು. ‘ತ್ರಿಶೂಲ್’ ನೌಕೆಯಿಂದ ನಾವಿಕರು ದಡಕ್ಕಿಳಿದರೆ, ‘ಮೈಸೂರು’ ಬೆಂಬಲವಾಗಿ ನಿಂತಿತು. ಪೋರ್ಚುಗೀಸರ ಗುಂಡಿಗೆ ಏಳು ಮಂದಿ ನೌಕಾಪಡೆಯವರು ಬಲಿಯಾದರು. 1971ರ ಯುದ್ಧದಲ್ಲಿ ಇದೇ ಹಡಗು ರಿಯರ್ ಅಡ್ಮಿರಲ್ ಇ. ಸಿ. ಕುರುವಿಲ್ಲಾ ಅವರ ಅಧೀನದಲ್ಲಿದ್ದ ಪಶ್ಚಿಮ ನೌಕಾಬಳಗದ ಧ್ವಜನೌಕೆಯಾಗಿತ್ತು. ಅನಂತರ ಕೆಡೆಟ್‌ಗಳ ತರಬೇತಿಗೆ ಬಳಕೆಯಾಗಿ, 1985ರ ಆಗಸ್ಟ್‌ನಲ್ಲಿ ನಿವೃತ್ತವಾಯಿತು.

ಮುಂಬೈಯಲ್ಲಿ ಹುಟ್ಟಿದ ಎರಡನೆಯದು

ಎರಡನೆಯ ‘ಮೈಸೂರು’ ಸ್ವದೇಶದಲ್ಲಿಯೇ ನಿರ್ಮಾಣಗೊಂಡ ವಿಧ್ವಂಸಕ ನೌಕೆ, ಅಂದರೆ ಡೆಸ್ಟ್ರಾಯರ್. ಟಾರ್ಪಿಡೊ ದೋಣಿಗಳನ್ನು ನಾಶಮಾಡಲು ಹುಟ್ಟಿಕೊಂಡ ಈ ಬಗೆಯ ನೌಕೆಗಳು ಇಂದು ವಿಮಾನ, ಹಡಗು, ಜಲಾಂತರ್ಗಾಮಿ ಮೂರನ್ನೂ ಎದುರಿಸಬಲ್ಲವು. ಮುಂಬೈಯ ಮಝಗಾಂವ್ ಡಾಕ್‌ನಲ್ಲಿ 1991ರಲ್ಲಿ ಇದರ ನಿರ್ಮಾಣ ಆರಂಭವಾಯಿತು. ಅದೇ ವರ್ಷ ಸೋವಿಯತ್ ಒಕ್ಕೂಟ ಕುಸಿದುದರಿಂದ ಅಲ್ಲಿಂದ ಬರಬೇಕಾಗಿದ್ದ ಉಪಕರಣಗಳು ತಡವಾದವು. 1993ರಲ್ಲಿ ನೀರಿಗಿಳಿದ ಹಡಗು ಸೇವೆಗೆ ಸೇರಿದ್ದು 1999ರ ಜೂನ್ 2ರಂದು.

ಸುಮಾರು 163 ಮೀಟರ್ ಉದ್ದದ ಈ ನೌಕೆಯು ‘ದೆಹಲಿ’ ಮತ್ತು ‘ಮುಂಬೈ’ ನೌಕೆಗಳ ಸೋದರಿ. ಕ್ಷಿಪಣಿ, ಟಾರ್ಪಿಡೊ, ಫಿರಂಗಿಗಳ ಜೊತೆಗೆ ಎರಡು ಹೆಲಿಕಾಪ್ಟರ್‌ಗಳಿಗೂ ಇದರಲ್ಲಿ ನೆಲೆಯುಂಟು. ಹಳೆಯ ನೌಕೆಯ ‘60’ ಎಂಬ ಸಂಖ್ಯೆಯೂ ಒಡೆಯರ ರಾಜಲಾಂಛನವಾದ ಗಂಡಭೇರುಂಡವೂ ಇದಕ್ಕೆ ಸಂದಿವೆ. ಎಂದಿಗೂ ಅಂಜದಿರುವುದು ಎಂಬುದು ಇದರ ಸಂಸ್ಕೃತ ಧ್ಯೇಯವಾಕ್ಯದ ಅರ್ಥ.

ಕಡಲ್ಗಳ್ಳರ ಸೆರೆ

ಈ ನೌಕೆಯ ಹೆಸರು ಜಗತ್ತಿಗೆ ಕೇಳಿಸಿದ್ದು 2008ರ ಡಿಸೆಂಬರ್ 13ರಂದು. ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯಾ ಧ್ವಜದ ‘ಗಿಬೆ’ ಎಂಬ ಸರಕು ಹಡಗಿನಿಂದ ರಕ್ಷಣೆಗಾಗಿ ಕರೆ ಬಂದಿತು. ‘ಮೈಸೂರು’ ಧಾವಿಸಿ, ದಾಳಿಕೋರರನ್ನು ತಡೆದು, 23 ಮಂದಿಯನ್ನು ಶಸ್ತ್ರಾಸ್ತ್ರ ಸಹಿತ ಸೆರೆಹಿಡಿಯಿತು. ಅವರಲ್ಲಿ 12 ಮಂದಿ ಸೊಮಾಲಿಯಾದವರು, 11 ಮಂದಿ ಯೆಮೆನ್‌ನವರು. ಇದರ ಮಹತ್ವವನ್ನು ಅರಿಯಲು ಹಿಂದಿನ ತಿಂಗಳ ಘಟನೆಯನ್ನು ನೆನೆಯಬೇಕು. ಅದೇ ಕೊಲ್ಲಿಯಲ್ಲಿ ‘ಐಎನ್ಎಸ್ ತಬರ್’ ಮುಳುಗಿಸಿದ ಕಳ್ಳರ ಹಡಗು, ಅಪಹೃತವಾಗಿದ್ದ ಥಾಯ್ಲೆಂಡ್‌ನ ಮೀನುಗಾರಿಕಾ ದೋಣಿಯೆಂದು ಅನಂತರ ತಿಳಿದುಬಂದಿತ್ತು. ಅದರಲ್ಲಿ ಒತ್ತೆಯಾಗಿದ್ದ ಹಲವು ಸಿಬ್ಬಂದಿ ಕಾಣೆಯಾಗಿದ್ದರು. ಒತ್ತೆಯಾಳುಗಳಿರಬಹುದಾದ ಕಡಲಿನಲ್ಲಿ ಗುಂಡಿಗಿಂತ ಸೆರೆಯೇ ಮೇಲು.

ಆದರೆ ಸೆರೆಹಿಡಿದವರನ್ನು ಏನು ಮಾಡಬೇಕು? ದೂರದ ಸಮುದ್ರದಲ್ಲಿ ವಿದೇಶಿಯರು ವಿದೇಶಿ ಹಡಗಿನ ಮೇಲೆ ನಡೆಸಿದ ದಾಳಿಯನ್ನು ವಿಚಾರಿಸಲು ಭಾರತದಲ್ಲಿ ಆಗ ಪ್ರತ್ಯೇಕ ಕಾನೂನು ಇರಲಿಲ್ಲ. 1999ರಲ್ಲಿ ಸಿಕ್ಕಿಬಿದ್ದ ‘ಅಲೋಂಡ್ರಾ ರೈನ್‌ಬೋ’ ಹಡಗಿನ ಅಪಹರಣಕಾರರು ಮುಂಬೈಯ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾಗಿಯೂ 2005ರಲ್ಲಿ ಹೈಕೋರ್ಟಿನಲ್ಲಿ ಬಿಡುಗಡೆ ಹೊಂದಿದ್ದರು. ಹೀಗಾಗಿ ‘ಮೈಸೂರು’ ಹಿಡಿದ 23 ಮಂದಿಯನ್ನು ಯೆಮೆನ್ ಅಧಿಕಾರಿಗಳಿಗೆ ಒಪ್ಪಿಸಲಾಯಿತು.

2011ರಲ್ಲಿ ಲಿಬಿಯಾದಲ್ಲಿ ಅಂತಃಕಲಹ ಎದ್ದಾಗ, ಅಲ್ಲಿದ್ದ ಭಾರತೀಯರ ತೆರವು ಕಾರ್ಯಕ್ಕಾಗಿ ‘ಜಲಾಶ್ವ’ದೊಂದಿಗೆ ‘ಮೈಸೂರು’ ಕೂಡ ಮೆಡಿಟರೇನಿಯನ್‌ವರೆಗೆ ಸಾಗಿತು. ಹಡಗು, ವಿಮಾನಗಳ ಮೂಲಕ 15 ಸಾವಿರಕ್ಕೂ ಹೆಚ್ಚು ಭಾರತೀಯರು ಅಲ್ಲಿಂದ ಹೊರಬಂದರು.

ಕಾನೂನಿನ ಕೊರತೆ ನೀಗಲು ಮತ್ತೂ ಒಂದು ದಶಕ ಹಿಡಿಯಿತು. ಕಡಲ್ಗಳ್ಳತನ ತಡೆ ಮಸೂದೆಗೆ ಸಂಸತ್ತು 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿತು. 2024ರ ಮಾರ್ಚ್‌ನಲ್ಲಿ, ‘ಮೈಸೂರು’ ಮಾದರಿಯ ಮುಂದಿನ ಪೀಳಿಗೆಯ ನೌಕೆಯಾದ ‘ಐಎನ್ಎಸ್ ಕೋಲ್ಕತಾ’ 35 ಮಂದಿ ಕಡಲ್ಗಳ್ಳರನ್ನು ಮುಂಬೈಗೆ ತಂದು ಪೊಲೀಸರಿಗೆ ಒಪ್ಪಿಸಿತು. 2008ರಲ್ಲಿ ‘ಮೈಸೂರು’ ಅರ್ಧಕ್ಕೆ ಬಿಡಬೇಕಾಗಿ ಬಂದ ಕೆಲಸವು ಹೀಗೆ ಹದಿನೈದು ವರ್ಷಗಳ ತರುವಾಯ ನಮ್ಮದೇ ನ್ಯಾಯಾಲಯದ ಮೆಟ್ಟಿಲನ್ನು ತಲುಪಿತು.