ದಾಳಿಂಬೆ ಸಿಪ್ಪೆಯ ಸತ್ವ ಮತ್ತು ಹಸಿರು ದ್ರಾವಕಗಳು

ದಾಳಿಂಬೆ ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಿಪ್ಪೆಯೇ ಆಗಿರುವುದರಿಂದ, ರಸ ತೆಗೆಯುವ ಘಟಕಗಳು ಹೊರಹಾಕುವ ತ್ಯಾಜ್ಯದಲ್ಲಿ ಅದರದೇ ದೊಡ್ಡ ಪಾಲು. ಆಯುರ್ವೇದವು ಅತಿಸಾರಕ್ಕೆ ಔಷಧವಾಗಿ ಬಳಸುತ್ತ ಬಂದಿರುವ ಈ ಸಿಪ್ಪೆಗೆ ಒಗರು ಕೊಡುವ ಟ್ಯಾನಿನ್‌ಗಳೇ, ಅದರಲ್ಲೂ ಪ್ಯೂನಿಕಲಾಜಿನ್ ಎಂಬ ಸಂಯುಕ್ತವೇ, ಅದರ ಉತ್ಕರ್ಷಣ ನಿರೋಧಕ ಗುಣಕ್ಕೂ ಮುಖ್ಯ ಕಾರಣ. ಒಂಟಿ ಎಲೆಕ್ಟ್ರಾನಿನಿಂದಾಗಿ ಸುತ್ತಲಿನ ಅಣುಗಳನ್ನು ಕೆಡಿಸುವ ಮುಕ್ತ ರ‍್ಯಾಡಿಕಲ್‌ಗಳಿಗೆ ಎಲೆಕ್ಟ್ರಾನನ್ನೋ ಹೈಡ್ರೋಜನ್ ಪರಮಾಣುವನ್ನೋ ಒದಗಿಸಿ ಅವುಗಳನ್ನು ಶಾಂತಗೊಳಿಸುವ ವಸ್ತುಗಳನ್ನು ಉತ್ಕರ್ಷಣ ನಿರೋಧಕಗಳೆನ್ನುತ್ತಾರೆ. ಖಾದ್ಯತೈಲ ಕಮಟಾಗದಂತೆ ಕಾಯುವುದೂ ಇವೇ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಾಳಿಂಬೆಯ ಸಿಪ್ಪೆ ಮತ್ತು ಬೀಜಗಳ ಸಾರವನ್ನು ಈಥೈಲ್ ಅಸಿಟೇಟ್, ಮೆಥನಾಲ್ ಮತ್ತು ನೀರಿನಲ್ಲಿ ತೆಗೆದು ಹೋಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್ಲಕ್ಕಿಂತ ಹೆಚ್ಚಿನ ಉತ್ಕರ್ಷಣ ನಿರೋಧಕ ಸಾಮರ್ಥ್ಯ ತೋರಿದ್ದು ಸಿಪ್ಪೆಯ ಮೆಥನಾಲ್ ಸಾರ. ಆದರೆ ಮೆಥನಾಲ್ ದೇಹ ಸೇರಿದರೆ ದೃಷ್ಟಿಯನ್ನೂ ಪ್ರಾಣವನ್ನೂ ಕಳೆಯಬಲ್ಲ ವಿಷವಾದ್ದರಿಂದ, ಆಹಾರ ಮತ್ತು ಔಷಧಗಳಿಗೆ ಸೇರಬೇಕಾದ ಸಾರಕ್ಕೆ ನಿರಪಾಯಕರ ದ್ರಾವಕವನ್ನು ಹುಡುಕುವುದು ಅನಿವಾರ್ಯ. ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಮಂಡಿಸಿದ ಹಸಿರು ರಸಾಯನಶಾಸ್ತ್ರದ 12 ತತ್ವಗಳಲ್ಲಿ ಐದನೆಯದು ಹೇಳುವುದೂ ಇದನ್ನೇ.

ಇಂಥ ಹಸಿರು ದ್ರಾವಕಗಳಲ್ಲಿ ಸರಳವಾದದ್ದು ನೀರು ಬೆರೆಸಿದ ಎಥನಾಲ್. ನೀರು ಒಣಗಿದ ಸಿಪ್ಪೆಯ ಅಂಗಾಂಶವನ್ನು ಉಬ್ಬಿಸಿ ದಾರಿ ಬಿಡಿಸಿದರೆ, ಎಥನಾಲ್ ಒಳಗಿನ ಟ್ಯಾನಿನ್‌ಗಳಂಥ ಫಿನಾಲಿಕ್ ಸಂಯುಕ್ತಗಳನ್ನು ಕರಗಿಸಿಕೊಳ್ಳುತ್ತದೆ. ಕಬ್ಬಿನ ಕಾಕಂಬಿಯಿಂದ ತಯಾರಾಗುವ ಈ ಎಥನಾಲನ್ನು ಬಟ್ಟಿಯಿಳಿಸಿ ಮತ್ತೆ ಮತ್ತೆ ಬಳಸಬಹುದು. ಇನ್ನೊಂದು ಬಗೆಯವು ಆಳ ಯೂಟೆಕ್ಟಿಕ್ ದ್ರಾವಕಗಳು, ಅಂದರೆ ಎರಡು ಪದಾರ್ಥಗಳು ಹೈಡ್ರೋಜನ್ ಬಂಧದಿಂದ ಬೆಸೆದುಕೊಂಡು, ಬಿಡಿಯಾಗಿದ್ದಾಗಿನದಕ್ಕಿಂತ ಬಹಳ ಕಡಿಮೆ ಉಷ್ಣತೆಯಲ್ಲೇ ದ್ರವವಾಗುವ ಮಿಶ್ರಣಗಳು. ಕೋಲೀನ್ ಕ್ಲೋರೈಡ್ 302 ಡಿಗ್ರಿ ಸೆಲ್ಸಿಯಸ್‌ನಲ್ಲೂ ಯೂರಿಯಾ 133 ಡಿಗ್ರಿಯಲ್ಲೂ ಕರಗಿದರೆ, ಅವುಗಳ 1:2 ಮಿಶ್ರಣ 12 ಡಿಗ್ರಿಗೇ ಕರಗುತ್ತದೆಂದು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಅಬಟ್ ತಂಡ 2003ರಲ್ಲಿ ವರದಿ ಮಾಡಿತು. ಸಕ್ಕರೆ, ಲ್ಯಾಕ್ಟಿಕ್ ಆಮ್ಲ, ಗ್ಲಿಸರಾಲ್‌ಗಳಂಥ ಆಹಾರಯೋಗ್ಯ ವಸ್ತುಗಳಿಂದಲೂ ಇಂಥ ದ್ರಾವಕಗಳನ್ನು ರೂಪಿಸಬಹುದು.

ಆದರೂ ದ್ರಾವಕ ಹಸಿರಾದ ಮಾತ್ರಕ್ಕೆ ಇಡೀ ಪ್ರಕ್ರಿಯೆ ಹಸಿರಾಗುವುದಿಲ್ಲ. ಯೂಟೆಕ್ಟಿಕ್ ದ್ರಾವಕಗಳು ಮಂದವಾಗಿರುವುದರಿಂದ ಅವಕ್ಕೆ ನೀರು ಬೆರೆಸಬೇಕಾಗುತ್ತದೆ. ಸುಲಭವಾಗಿ ಆವಿಯಾಗದ ಕಾರಣ ಅವುಗಳಿಂದ ಸಾರವನ್ನು ಬೇರ್ಪಡಿಸಲು ರಾಳದ ಸ್ತಂಭಗಳ ಮೂಲಕ ಹಾಯಿಸುವಂಥ ಹೆಚ್ಚುವರಿ ಹಂತಗಳು ಬೇಕು. ಹಸಿ ಸಿಪ್ಪೆಯನ್ನು ಒಣಗಿಸುವ ಇಂಧನವನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಬಾಗಲಕೋಟೆ, ಕೊಪ್ಪಳ, ವಿಜಯಪುರ ಜಿಲ್ಲೆಗಳ ದಾಳಿಂಬೆ ತೋಟಗಳನ್ನು ಕಾಡುವ ದುಂಡಾಣು ಅಂಗಮಾರಿ ರೋಗಕ್ಕೆ ಸಿಂಪಡಿಸುವ ಔಷಧಗಳ ಶೇಷ ಸಿಪ್ಪೆಯ ಮೇಲೆ ಉಳಿದಿದ್ದರೆ, ಅದೂ ಸಾರದೊಳಗೆ ಸೇರಬಹುದು. ಇನ್ನು, ಉತ್ಕರ್ಷಣ ನಿರೋಧಕ ಗುಣವನ್ನು ಅಳೆಯಲು ಬಳಸುವ ಡಿಪಿಪಿಎಚ್ ಎಂಬ ಮುಕ್ತ ರ‍್ಯಾಡಿಕಲ್‌ನ ನೇರಳೆ ಬಣ್ಣದ ದ್ರಾವಣವನ್ನು ಹಳದಿಯಾಗಿಸುವ ಸಾಮರ್ಥ್ಯ ಪರೀಕ್ಷಾ ನಳಿಕೆಯ ಫಲಿತಾಂಶವೇ ಹೊರತು ದೇಹದಲ್ಲಿ ರೋಗ ಗುಣವಾಗುತ್ತದೆಂಬುದಕ್ಕೆ ಪುರಾವೆಯಲ್ಲ. ಆದ್ದರಿಂದ ಶೇಷಗಳ ತಪಾಸಣೆ, ದ್ರಾವಕದ ಮರುಬಳಕೆ ಮತ್ತು ಸಾರ ತೆಗೆದ ಮೇಲೆ ಉಳಿದ ಹಿಪ್ಪೆಯ ಸದ್ಬಳಕೆ, ಈ ಮೂರೂ ಕೂಡಿಬಂದಾಗಲೇ ತ್ಯಾಜ್ಯವಾಗಿದ್ದ ಸಿಪ್ಪೆ ಬೆಳೆಗಾರನಿಗೆ ಆದಾಯವಾಗಿಯೂ ಬಳಕೆದಾರನಿಗೆ ನಂಬಬಹುದಾದ ಪದಾರ್ಥವಾಗಿಯೂ ಒದಗೀತು.