ಹಿನ್ನೀರಿನ ಹಕ್ಕಿ-ಮೃಗಗಳ ದಿನಚರಿ

ಕಲ್ಲೋಳಿ ಸೀಮೆಯ ಒಕ್ಕಲಿಗರಿಗೆ ಧೂಪದಾಳದ ಒಡ್ಡು ಅಪರಿಚಿತವಾದುದಲ್ಲ. ಘಟಪ್ರಭಾ ನದಿಗೆ ಅಡ್ಡಲಾಗಿ ಕಟ್ಟಿ 1897ರಲ್ಲಿ ಮುಗಿಸಿದ ಈ ಒಡ್ಡಿನ ಹಿಂದೆ ನಿಂತ ನೀರು ವಿಶಾಲವಾದ ಕೆರೆಯಂತೆ ಹಬ್ಬಿರುವುದು. 1974ರಲ್ಲಿ ಸರಕಾರವು ಇದನ್ನು ಪಕ್ಷಿಧಾಮವೆಂದು ಸಾರಿತು. ಚಳಿಗಾಲದಲ್ಲಿ ದೂರದೇಶಗಳಿಂದ ಇಲ್ಲಿಗೆ ಬರುವ ಹಕ್ಕಿಗಳಲ್ಲಿ ಎರಡು ಜಾತಿಗಳು ಒಕ್ಕಲುತನಕ್ಕೆ ನೇರವಾಗಿ ಸಂಬಂಧಿಸಿದವು. ಎರಡೂ ಉದ್ದ ಕಾಲಿನ ದೊಡ್ಡ ಹಕ್ಕಿಗಳಾದುದರಿಂದ, ದೂರದಿಂದ ನೋಡಿದವರು ಒಂದರ ತಪ್ಪನ್ನು ಮತ್ತೊಂದರ ಮೇಲೆ ಹೊರಿಸುವ ಸಂಭವವುಂಟು.

ಮೊದಲನೆಯದು ಕ್ರೌಂಚ. ಇದರ ಮೈ ಬೂದುಬಣ್ಣದ್ದು. ಕತ್ತು ಮತ್ತು ಎದೆ ಕಪ್ಪು. ಕಣ್ಣಿನ ಹಿಂದೆ ಬಿಳಿ ಗರಿಗಳ ಕುಚ್ಚು. ಮಧ್ಯ ಏಶಿಯಾ, ಮಂಗೋಲಿಯಾಗಳ ಹುಲ್ಲುಗಾವಲುಗಳಲ್ಲಿ ಮರಿಮಾಡುವ ಈ ಹಕ್ಕಿಯು ಚಳಿಗಾಲವನ್ನು ನಮ್ಮಲ್ಲಿ ಕಳೆಯುವುದು. ಇರುಳಲ್ಲಿ ಆಳವಿಲ್ಲದ ನೀರಿನಲ್ಲಿ ನಿಂತಿದ್ದು, ಬೆಳಗಾಗುತ್ತಲೇ ಗಟ್ಟಿಯಾಗಿ ಕೂಗುತ್ತ ಹಿಂಡಾಗಿ ಹೊಲಗಳಿಗೆ ಹಾರುವುದು. ನಡುಹಗಲಲ್ಲಿ ನೀರಿನ ದಂಡೆಗೆ ಮರಳಿ ವಿಶ್ರಮಿಸಿ, ಇಳಿಹೊತ್ತಿನಲ್ಲಿ ಪುನಃ ಮೇಯಲು ಹೋಗುವುದು. ಕಾಳುಗಳು ಇದರ ಮುಖ್ಯ ಆಹಾರ. ಕೊಯ್ದ ಹೊಲದಲ್ಲಿ ಉದುರಿದ ಕಾಳನ್ನು ಆಯ್ದರೆ ಒಕ್ಕಲಿಗನಿಗೆ ನಷ್ಟವಿಲ್ಲ. ಮೊಳೆಯುತ್ತಿರುವ ಕಡಲೆಯ ಹೊಲಕ್ಕೆ ಇಳಿದರೆ ನಷ್ಟವಾಗುವುದು ಸಹಜ.

ಎರಡನೆಯದು ಬಿಳಿ ಕೊಕ್ಕರೆ. ಮೈ ಬಿಳಿದು, ರೆಕ್ಕೆಯ ಅಂಚು ಕಪ್ಪು, ಕೊಕ್ಕು ಕಾಲುಗಳು ಕೆಂಪು. ಇದು ಕೂಗುವುದಿಲ್ಲವೆಂದೇ ಹೇಳಬಹುದು. ಕೊಕ್ಕನ್ನು ಮಾತ್ರ ಕಟಕಟನೆ ಬಡಿಯುವುದು. ಹೊಲದಲ್ಲಿ ಮೆಲ್ಲಗೆ ನಡೆಯುತ್ತ ಮಿಡತೆ, ಕಪ್ಪೆ, ಇಲಿಗಳನ್ನು ಹಿಡಿದು ತಿನ್ನುವುದೇ ಹೊರತು ಕಾಳಿಗಾಗಿ ಬರುವುದಿಲ್ಲ. ಆದುದರಿಂದ ಇದನ್ನು ಒಕ್ಕಲಿಗನ ಮಿತ್ರನೆಂದೇ ತಿಳಿಯತಕ್ಕದ್ದು.

ಮೃಗಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಕಬ್ಬು ಮುರಿದುದನ್ನು ಕಂಡೊಡನೆ ನರಿಯನ್ನು ದೂರುವುದು ವಾಡಿಕೆ. ನರಿ ಕಬ್ಬನ್ನು ಕಡಿಯುವುದು ನಿಜ. ಆದರೆ ಅದೇ ನರಿ ಬೆಳೆಗೆ ಶತ್ರುಗಳಾದ ಇಲಿಗಳನ್ನೂ ತಿನ್ನುವುದು. ಹೊಲದ ಹಸಿಮಣ್ಣನ್ನು ಮುಂಜಾನೆ ಪರೀಕ್ಷಿಸಿದರೆ ಬಂದವರಾರೆಂಬುದು ತಿಳಿಯುವುದು. ಉಗುರಿನ ಗುರುತುಳ್ಳ, ನಾಯಿಯದರಂತಹ ಹೆಜ್ಜೆ ನರಿಯದು. ಸೀಳುಗೊರಸಿನ ಗುರುತೂ ಕೆದರಿದ ನೆಲವೂ ಕಾಡುಹಂದಿಯವು.

ಹಾನಿ ಕಂಡ ಒಕ್ಕಲಿಗನು ಒಂದು ವಾರದವರೆಗೆ ದೂರದಲ್ಲಿ ನಿಂತು, ಯಾವ ಪ್ರಾಣಿ ಯಾವ ಹೊತ್ತಿನಲ್ಲಿ ಎಲ್ಲಿಗೆ ಬಂದು ಏನನ್ನು ತಿಂದಿತೆಂದು ಗುರುತುಹಾಕಿಕೊಳ್ಳಲಿ. ಕ್ರೌಂಚವು ಬಲು ಅಂಜುಬುರುಕ ಹಕ್ಕಿ. ಕಡಲೆ ಮೊಳೆಯುವ ದಿನಗಳಲ್ಲಿ ಬೆಳಗ್ಗೆಯೂ ಇಳಿಹೊತ್ತಿನಲ್ಲಿಯೂ ಹೊಲದಲ್ಲಿ ಒಬ್ಬರು ತಿರುಗಾಡುತ್ತಿದ್ದರೆ ಬಹುಮಟ್ಟಿಗೆ ದೂರವೇ ಉಳಿಯುವುದು. ವಿಷ ಬೆರೆಸಿದ ಕಾಳನ್ನು ಮಾತ್ರ ಎಂದಿಗೂ ಎರಚಬಾರದು. ಅದು ಶತ್ರುಮಿತ್ರರೆಂಬ ಭೇದವನ್ನರಿಯದು. ವಿಷ ತಿಂದ ಇಲಿಯನ್ನು ತಿಂದ ಕೊಕ್ಕರೆ, ನರಿಗಳೂ ಸಾಯಬಹುದು. ಪಕ್ಷಿಧಾಮದಲ್ಲಿ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿರುವುದು. ಇಲಿ ಮಿಡತೆಗಳನ್ನು ಕೂಲಿಯಿಲ್ಲದೆ ಹಿಡಿಯುವ ಕಾವಲುಗಾರರನ್ನು ಕಳೆದುಕೊಂಡ ಹೊಲಕ್ಕೆ ಮುಂದಿನ ಸುಗ್ಗಿಯಲ್ಲಿ ತಗಲುವ ನಷ್ಟವು ಇಂದಿನ ನಷ್ಟಕ್ಕಿಂತ ಹೆಚ್ಚಾದೀತು.