ಗುಂಡಿಗೆ ಇಳಿಯುವ ಮುನ್ನ

ಪರೀಕ್ಷೆ ಮುಗಿದ ದಿನ ಸಂಜೆ ತರಗತಿಯ ವಾಟ್ಸಾಪ್ ಗ್ರೂಪಿಗೆ ಒಂದು ಸಂದೇಶ ಬಂದೇ ಬರುತ್ತದೆ: "ನಾಳೆ ದಿಡುಪೆ ಕಡೆ ಹೋಗುವನಾ?" ಕಾಜೂರಿಗೆ ಝಿಯಾರತ್‌ಗೆಂದು ಹೋದವರೂ ಹತ್ತಿರದ ಎರ್ಮಾಯಿ ನೋಡಿಕೊಂಡೇ ಬರುವುದು ಹೆಚ್ಚು. ಘಟ್ಟದ ಬುಡದಲ್ಲಿ ಕಲ್ಲುಗಳ ನಡುವೆ ತಿಳಿನೀರು ತುಂಬಿದ ಗುಂಡಿ, ಸುತ್ತ ಕಾಡಿನ ನೆರಳು, ತಳದ ಮರಳೂ ಸ್ಪಷ್ಟವಾಗಿ ಕಾಣುತ್ತದೆ. ಅಂಥ ನೀರನ್ನು ನೋಡಿ ಇಳಿಯದೆ ಬರುವುದು ಕಷ್ಟ.

ಹೋಗಬೇಡಿ ಎನ್ನಲು ಈ ಲೇಖನ ಬರೆದದ್ದಲ್ಲ. ಆದರೆ ಅಲ್ಲಿ ಕಣ್ಣಿಗೆ ಕಾಣುವುದೇ ಬೇರೆ, ನೀರು ಮಾಡುವುದೇ ಬೇರೆ. ಅದನ್ನು ತಿಳಿದು ಹೋಗೋಣ.

ಗುಂಡಿ ಆಗುವುದು ಹೇಗೆ?

ಮೇಲಿನಿಂದ ಬೀಳುವ ನೀರು ವರ್ಷಾನುವರ್ಷ ಒಂದೇ ಜಾಗವನ್ನು ಬಡಿಯುತ್ತದೆ. ಮಳೆಗಾಲದ ಪ್ರವಾಹ ತರುವ ಮರಳು, ಕಲ್ಲು ಅದೇ ಜಾಗವನ್ನು ಉಜ್ಜುತ್ತವೆ. ಕೆಲವು ಕಡೆ ಬಂಡೆಯ ತಗ್ಗಿನಲ್ಲಿ ಸಿಕ್ಕಿಕೊಂಡ ಉರುಟು ಕಲ್ಲುಗಳು ಸುಳಿಯ ಜೊತೆ ತಿರುಗುತ್ತಾ, ಒರಳು ಕೊರೆದಂತೆ ಬಂಡೆಯನ್ನು ಕೊರೆಯುತ್ತವೆ. ಹೀಗೆ ಸಾವಿರಾರು ವರ್ಷಗಳಲ್ಲಿ ಗುಂಡಿ ಆಗುತ್ತದೆ.

ಆದ್ದರಿಂದ ಇದು ಈಜುಕೊಳದಂತೆ ಮೆಲ್ಲನೆ ಆಳವಾಗುತ್ತಾ ಹೋಗುವುದಿಲ್ಲ. ಒಂದು ಹೆಜ್ಜೆಗೆ ಸೊಂಟದಷ್ಟು ನೀರು, ಮುಂದಿನ ಹೆಜ್ಜೆಗೆ ಕಾಲಿಗೆ ನೆಲವೇ ಸಿಗದಿರಬಹುದು. ಬಂಡೆಯ ಅಡಿಯಲ್ಲಿ ಪೊಟರೆಗಳೂ ಇರುತ್ತವೆ. ಕಳೆದ ವರ್ಷ ನೋಡಿದ ತಳವೇ ಈ ವರ್ಷವೂ ಇರುತ್ತದೆ ಎನ್ನುವಂತಿಲ್ಲ. ಒಂದು ಮಳೆಗಾಲದಲ್ಲಿ ಮರಳು ಕೊಚ್ಚಿಹೋಗಬಹುದು, ದೊಡ್ಡ ಕಲ್ಲೊಂದು ಬಂದು ಕೂರಬಹುದು. ಹೋದ ಸಲ ಹಾರಿದ್ದೆ ಎಂದು ಈ ಸಲವೂ ತಲೆಕೆಳಗಾಗಿ ಹಾರಿದವರು ಕುತ್ತಿಗೆ ಮೂಳೆ ಮುರಿದುಕೊಳ್ಳುವುದು ಹೀಗೆ.

ಕಣ್ಣು ಹೇಳುವ ಸುಳ್ಳು

ವಿಜ್ಞಾನ ವಿಭಾಗದವರು ವಕ್ರೀಭವನದ ಪಾಠ ನೆನಪಿಸಿಕೊಳ್ಳಿ. ನೀರಿನ ವಕ್ರೀಭವನ ಸೂಚ್ಯಂಕ 1.33, ಅಂದರೆ ಹೆಚ್ಚುಕಡಿಮೆ 4/3. ನೇರ ಮೇಲಿನಿಂದ ನೋಡಿದರೆ 8 ಅಡಿ ಆಳದ ತಳ 6 ಅಡಿಯಲ್ಲಿ ಇದ್ದಂತೆ ಕಾಣುತ್ತದೆ. ದಡದಿಂದ ಓರೆಯಾಗಿ ನೋಡಿದರೆ ಇನ್ನೂ ಮೇಲೆ ಕಾಣುತ್ತದೆ. ಐದೂವರೆ ಅಡಿ ಎತ್ತರದ ಹುಡುಗ ನಾಲ್ಕೂವರೆ ಅಡಿ ಇರಬಹುದು, ಕುತ್ತಿಗೆವರೆಗೆ ಬಂದೀತು ಎಂದುಕೊಂಡು ಇಳಿಯುತ್ತಾನೆ. ನಿಜವಾದ ಆಳ 6 ಅಡಿ. ಪರೀಕ್ಷೆಯಲ್ಲಿ ಎರಡು ಅಂಕದ ಈ ಪ್ರಶ್ನೆ ಇಲ್ಲಿ ಪ್ರಾಣದ ಪ್ರಶ್ನೆ.

ನೀರು ಬೀಳುವ ಜಾಗದ ಬಿಳಿ ನೊರೆಯೂ ಮೋಸ ಮಾಡುತ್ತದೆ. ಅಲ್ಲಿ ನೀರಿನೊಳಗೆ ಗಾಳಿ ತುಂಬಿರುವುದರಿಂದ ಸಾಂದ್ರತೆ ಕಡಿಮೆ. ದೇಹವನ್ನು ತೇಲಿಸುವ ಬಲವೂ ಕಡಿಮೆ. ಚೆನ್ನಾಗಿ ಈಜು ಬಲ್ಲವನಿಗೂ ಅಲ್ಲಿ ಕೈಗೆ ನೀರು ಹಿಡಿತಕ್ಕೆ ಬರುವುದಿಲ್ಲ. ಮೇಲಾಗಿ ಬಿದ್ದ ನೀರು ತಳಕ್ಕಿಳಿದು, ಮೇಲೆದ್ದು, ಅದರಲ್ಲಿ ಒಂದು ಪಾಲು ಮತ್ತೆ ಬೀಳುವ ಜಾಗಕ್ಕೇ ಸುತ್ತಿ ಬರುತ್ತದೆ; ಸಿಕ್ಕಿದವರನ್ನೂ ಹಾಗೆಯೇ ಸುತ್ತಿಸುತ್ತದೆ. ಫೋಟೋಗೆಂದು ಜಲಪಾತದ ನೇರ ಅಡಿಗೆ ಹೋಗಲೇಬಾರದು.

ದಡದ ಬಂಡೆಯ ಪಾಚಿ ನಮ್ಮ ಕಣ್ಣಿಗೆ ಬೀಳುವುದೇ ಕಡಿಮೆ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಿಶಿನಗುಂಡಿಯಲ್ಲಿ ಬಂಡೆಯಂಚಿನಲ್ಲಿ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ. ಆಗ ಗೆಳೆಯ ವಿಡಿಯೋ ತೆಗೆಯುತ್ತಿದ್ದ.

ಮಳೆ ಮೇಲೆ, ನೀರು ಕೆಳಗೆ

ನಾವು ನಿಂತಲ್ಲಿ ಬಿಸಿಲಿರಬಹುದು. ಆದರೆ ಗುಂಡಿಗೆ ನೀರು ಬರುವುದು ಮೇಲಿನ ಘಟ್ಟದಿಂದ. ಅಲ್ಲಿ ಒಂದು ಗಂಟೆ ಜೋರು ಮಳೆ ಸುರಿದರೆ ಕಡಿದಾದ ಇಳಿಜಾರಿನ ನೀರೆಲ್ಲ ಒಟ್ಟಾಗಿ ಈ ಕಿರಿದಾದ ತೋಡಿಗೇ ಇಳಿಯುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲಿನ ಮೇಲೆ ಹಾಕುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲಿನಷ್ಟು ನೀರೂ ಆಳನ್ನು ಬೀಳಿಸುವುದು ಇದರಿಂದಲೇ.

2024ರ ಜೂನ್ 30ರಂದು ಮಹಾರಾಷ್ಟ್ರದ ಲೋನಾವಳದಲ್ಲಿ, ಭುಶಿ ಅಣೆಕಟ್ಟಿನ ಬಳಿಯ ಝರಿಯ ನಡುವೆ ಒಂದೇ ಕುಟುಂಬದವರು ನಿಂತಿದ್ದಾಗ ನೀರು ಏಕಾಏಕಿ ಏರಿತು. ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡರೂ ನಿಲ್ಲಲಾಗಲಿಲ್ಲ. ಮಕ್ಕಳೂ ಸೇರಿ ಐವರು ತೀರಿಹೋದರು. ನಮ್ಮ ಘಟ್ಟದ ನೀರೂ ಬೇರೆಯಲ್ಲ. 2019ರ ಆಗಸ್ಟ್‌ನಲ್ಲಿ ದಿಡುಪೆ, ಚಾರ್ಮಾಡಿ ಸುತ್ತಲಿನ ಇವೇ ತೊರೆಗಳು ಉಕ್ಕಿ ತೋಟಗಳಿಗೆ ಹೂಳು ತುಂಬಿದ್ದನ್ನು ಬೆಳ್ತಂಗಡಿಯವರು ಮರೆತಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರದಿಂದ ನೋಡಿದರೆ ಸಾಕು. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದರಿಂದ ಬೆಳಿಗ್ಗೆಯೇ ಹೋಗಿ ಮಧ್ಯಾಹ್ನದೊಳಗೆ ಮೇಲೆ ಬಂದುಬಿಡಿ. ಹೋದ ಕೂಡಲೇ ನೀರಿನಂಚಿನ ಒಂದು ಕಲ್ಲನ್ನು ಗುರುತು ಇಟ್ಟುಕೊಳ್ಳಿ. ಆ ಕಲ್ಲು ಮುಳುಗತೊಡಗಿದರೆ, ತಿಳಿನೀರು ಕೆಂಪಾದರೆ, ತರಗೆಲೆ ಕಡ್ಡಿಗಳು ಒಟ್ಟಿಗೆ ತೇಲಿ ಬಂದರೆ, ನೀರಿನ ಸದ್ದು ಬದಲಾದರೆ ಚಪ್ಪಲಿ, ಬ್ಯಾಗು ಎಂದು ಹುಡುಕುತ್ತಾ ನಿಲ್ಲದೆ ಎತ್ತರಕ್ಕೆ ಹೋಗಿ.

ಎಲ್ಲಕ್ಕಿಂತ ಮೊದಲು ಹತ್ತಿರದ ಮನೆಯವರನ್ನು ಕೇಳಿ. "ಕಾಕಾ, ಇಲ್ಲಿ ಇಳಿಯಬಹುದಾ?" ಎಂದರೆ ಎಲ್ಲಿ ಸುಳಿ, ಎಲ್ಲಿ ಪೊಟರೆ ಎಂದು ಹೇಳುತ್ತಾರೆ. ಅವರು ಬೇಡ ಎಂದರೆ ಬೇಡ.

ಗೆಳೆಯ ಮುಳುಗುತ್ತಿದ್ದರೆ

ಒಬ್ಬನನ್ನು ಉಳಿಸಲು ಹೋಗಿ ಇಬ್ಬರು, ಮೂವರು ಹೋದ ಸುದ್ದಿಗಳನ್ನು ನಾವು ಓದುತ್ತಲೇ ಇರುತ್ತೇವೆ. ಮುಳುಗುವವನು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ. ಉಸಿರಿಗೇ ಒದ್ದಾಡುವವನಿಗೆ ಕೂಗಲು ಉಸಿರೆಲ್ಲಿ? ತಲೆ ಹಿಂದಕ್ಕೆ ವಾಲಿ ಬಾಯಿ ನೀರಿನ ಮಟ್ಟಕ್ಕೆ ಬಂದಿದ್ದರೆ ಅದು ಆಟವಲ್ಲ. ಹತ್ತಿರ ಬಂದವರನ್ನು ಅವನು ಅರಿವಿಲ್ಲದೆ ಹಿಡಿದು ಅಡಿಗೆ ಒತ್ತುತ್ತಾನೆ.

ಹಾಗಾಗಿ ನೀರಿಗೆ ಹಾರಬೇಡಿ. ದಡದಲ್ಲಿ ಮಲಗಿ ಉದ್ದನೆಯ ಕೋಲು ಚಾಚಿ. ಶಾಲು, ದುಪ್ಪಟ್ಟಾ, ಲುಂಗಿಗಳನ್ನು ಗಂಟು ಹಾಕಿ ಎಸೆಯಿರಿ. ಮುಚ್ಚಳ ಬಿಗಿಯಾಗಿ ಹಾಕಿದ ಖಾಲಿ ನೀರಿನ ಕ್ಯಾನ್ ಎಸೆದರೆ ಹಿಡಿದು ತೇಲಬಹುದು. ಹೋಗುವಾಗಲೇ ಹತ್ತು ಮೀಟರ್ ಹಗ್ಗ ಒಯ್ದರೆ ಇನ್ನೂ ಒಳ್ಳೆಯದು. ಒಬ್ಬರು 112ಕ್ಕೆ ಕರೆ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಮನೆಗಳತ್ತ ಓಡಿ.

ಮೇಲೆ ತಂದವರಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಅದರಿಂದ ಸಮಯ ಹಾಳು, ವಾಂತಿ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ. ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಿ. ನಂತರ ಎದೆಯ ನಡುವೆ 30 ಸಲ ಜೋರಾಗಿ ಒತ್ತಿ, 2 ಸಲ ಉಸಿರು ಕೊಡಿ. ಆಂಬುಲೆನ್ಸ್ ಬರುವವರೆಗೂ ಇದನ್ನು ನಿಲ್ಲಿಸಬಾರದು.

ಹೊರಡುವಾಗ, ಹಿಂತಿರುಗುವಾಗ

ಆ ತೋಡಿನ ನೀರನ್ನು ಕೆಳಗಿನ ಮನೆಯವರು ಬಳಸುತ್ತಾರೆ. ಬೇಸಿಗೆಯಲ್ಲಿ ಮೀನುಗಳು ಉಳಿಯುವುದೂ ಆ ಗುಂಡಿಯಲ್ಲೇ. ಸಾಬೂನು, ಶಾಂಪೂ ಬೇಡ. ಬಿರಿಯಾನಿ ಪೊಟ್ಟಣ, ಬಾಟಲಿಗಳು ನಿಮ್ಮ ಜೊತೆಗೇ ಹಿಂದೆ ಬರಲಿ.

ಕೊನೆಯದಾಗಿ, ಎಲ್ಲಿಗೆ ಹೋಗುತ್ತೇವೆಂದು ಮನೆಯಲ್ಲಿ ಹೇಳಿ. ಉಮ್ಮನಿಗೆ "ಗೆಳೆಯನ ಮನೆಗೆ" ಎಂದು ಹೇಳಿ ಕಾಡಿನ ತೋಡಿಗೆ ಹೋದರೆ, ಸಂಜೆ ನೀವು ಬಾರದಿದ್ದಾಗ ಎಲ್ಲಿ ಹುಡುಕಬೇಕೆಂದೇ ಯಾರಿಗೂ ತಿಳಿಯುವುದಿಲ್ಲ. ಗುಂಡಿಯ ಹೆಸರು, ಜೊತೆಗಿರುವವರ ಹೆಸರು, ವಾಪಸ್ಸಾಗುವ ಹೊತ್ತು, ಇಷ್ಟನ್ನು ಹೇಳಿ ಹೊರಟರೆ ಸಾಕು. ಬಹುಶಃ ಬೈಗುಳ ಸಿಗಬಹುದು. ಬೈಸಿಕೊಂಡೇ ಹೋಗಿ, ಎಲ್ಲರೂ ಜೊತೆಯಾಗಿ ಹಿಂತಿರುಗಿ ಬನ್ನಿ.